ನೀರೊಳಗಿನ ಸಾಕ್ಷಿಗಳು

ದೂರದ ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವ ಬಗೆಯನ್ನು ತರ್ಕಶಾಸ್ತ್ರವು ಅನುಮಾನವೆಂದು ಕರೆದಿದೆ. ಕಂಡ ಗುರುತಿನಿಂದ ಕಾಣದ ವಸ್ತುವನ್ನು ಅರಿಯುವುದೇ ಇದರ ಲಕ್ಷಣ. ಪಾಠಶಾಲೆಯ ವಿದ್ಯಾರ್ಥಿಯು ಈ ಉದಾಹರಣೆಯನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಮರೆತುಬಿಡುವುದುಂಟು. ಆದರೆ ಬೇಸಾಯಗಾರನ ಮನೆಯಲ್ಲಿ ಈ ಪ್ರಮಾಣವಿಲ್ಲದೆ ಒಂದು ದಿನವೂ ಸಾಗದು. ನೀರಿನ ವಿಷಯದಲ್ಲಂತೂ ಇದೇ ಮುಖ್ಯವಾದ ಆಧಾರ. ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲ. ಕದಡಿದ ನೀರೆಲ್ಲ ಕೆಟ್ಟದ್ದೂ ಅಲ್ಲ. ಹೊಸ ಮಳೆಯ ಕೆಂಪು ನೀರು ನಾಲ್ಕು ದಿನದಲ್ಲಿ ತಾನಾಗಿ ತಿಳಿಯಾಗುವುದು. ಕನ್ನಡಿಯಂತೆ ಹೊಳೆಯುವ ಕೊಳವೆ ಬಾವಿಯ ನೀರು ಮಕ್ಕಳ ಹಲ್ಲುಗಳ ಮೇಲೆ ಮಾಯದ ಕಲೆಯನ್ನು ಮೂಡಿಸುವುದು. ಕಣ್ಣು ಮೂಗು ನಾಲಗೆಗಳಿಗೆ ಸಿಕ್ಕದ ದೋಷವನ್ನು ತಿಳಿಯಬೇಕಾದರೆ ಯಾವ ಹೊಗೆಯನ್ನು ನೋಡಬೇಕು?

ಕೋಲಾರ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇವಲ ತರ್ಕದ ವಿನೋದವಲ್ಲ. ಅಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ಪಾಪಘ್ನಿ ಮೊದಲಾದುವು ಮಳೆ ಬಂದಾಗ ಹರಿದು ಉಳಿದ ಕಾಲದಲ್ಲಿ ಮರಳಿನ ಹಾಸಾಗಿ ಮಲಗಿರುತ್ತವೆ. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನು ಹಿಡಿದಿಡುವುದಕ್ಕಾಗಿ ಹಿಂದಿನವರು ಸಾವಿರಾರು ಕೆರೆಗಳನ್ನು ಕಟ್ಟಿ, ಒಂದರ ಕೋಡಿಯ ನೀರು ಮತ್ತೊಂದರ ಒಡಲನ್ನು ಸೇರುವಂತೆ ಸಾಲಾಗಿ ಜೋಡಿಸಿದರು. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿಯಲ್ಲಿಯೂ ಇದೇ ನೋಟ: ದಿಣ್ಣೆಯ ಮೇಲೆ ಮಾವಿನ ತೋಪು, ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ. ಕೆರೆಯ ತೂಬನ್ನು ತೆರೆದು ಮುಚ್ಚುವ, ಗದ್ದೆಗಳಿಗೆ ಸರದಿಯಂತೆ ನೀರು ಹಂಚುವ ಹೊಣೆ ನೀರಗಂಟಿಯದು. ಕೊಳವೆ ಬಾವಿಗಳು ಬಂದು ಕೆರೆಗಳು ಬರಿದಾದ ಮೇಲೆ ಆ ವೃತ್ತಿಗೆ ಕೆಲಸವಿಲ್ಲದೆ ಹೋಯಿತು. ಹೆಸರು ಮಾತ್ರ ಕೆಲವು ಮನೆಗಳಿಗೆ ಅಂಟಿಕೊಂಡು ಉಳಿದಿದೆ.

ಯಲ್ದೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ಅಂತಹದೊಂದು ಮನೆಯಿದೆ. ಮನೆಯ ಹಿರಿಯನು ಎಂಬತ್ತರ ಹತ್ತಿರ ಬಂದವನು; ಎಳೆತನದಲ್ಲಿ ತಂದೆಯ ಜೊತೆ ತೂಬಿನ ಮೇಲೆ ನಿಂತು ಕಲಿತ ವಿದ್ಯೆಯನ್ನು ಬಳಸುವ ಅವಕಾಶ ಅವನಿಗೆ ಹೆಚ್ಚಾಗಿ ದೊರೆಯಲಿಲ್ಲ. ಮಗನು ಮಾವಿನ ತೋಪನ್ನು ನೋಡಿಕೊಳ್ಳುವನು. ಮೊಮ್ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಳು. 2021ರ ಕೊನೆಯ ತಿಂಗಳುಗಳಲ್ಲಿ ಆ ಸೀಮೆಯಲ್ಲಿ ಅಪೂರ್ವವಾದ ಮಳೆಯಾಗಿ, ಎಷ್ಟೋ ವರ್ಷಗಳಿಂದ ಜಾಲಿಯ ಕಾಡಾಗಿದ್ದ ಕೆರೆ ತುಂಬಿ ಕೋಡಿ ಬಿದ್ದಿತು. ಕೋಡಿಯ ಕೆಳಗಿನ ಹಳ್ಳವು ತಿಂಗಳುಗಟ್ಟಲೆ ಹರಿಯಿತು. ಮುದುಕನು ದಿನವೂ ಊರುಗೋಲು ಹಿಡಿದು ಏರಿಯ ಮೇಲೆ ಹೋಗಿ ಕೂಡುವನು. ಹುಡುಗಿಯು ರಜೆಯ ದಿನ ಅಜ್ಜನ ಹಿಂದೆಯೇ ಹೋಗಿ ಹಳ್ಳಕ್ಕೆ ಇಳಿಯುವಳು. ಅವಳ ಕೈಯಲ್ಲಿ ಅಡಿಗೆಮನೆಯ ಹಿಟ್ಟಿನ ಜರಡಿ ಒಂದು, ಬಿಳಿಯ ತಟ್ಟೆ ಒಂದು.

ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರು ಕಲಿಸಿಕೊಟ್ಟ ಕ್ರಮ ಬಹಳ ಸುಲಭವಾದುದು. ಹರಿಯುವ ನೀರಿನಲ್ಲಿ ಜರಡಿಯನ್ನು ಪ್ರವಾಹಕ್ಕೆ ಅಡ್ಡವಾಗಿ ಹಿಡಿಯಬೇಕು. ಅದರ ಮುಂದಿರುವ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಕೈಯಿಂದ ಉಜ್ಜಬೇಕು. ಜರಡಿಯಲ್ಲಿ ಸಿಕ್ಕಿದುದನ್ನು ತಟ್ಟೆಯ ನೀರಿಗೆ ತೊಳೆದು ಸ್ವಲ್ಪ ಹೊತ್ತು ಸುಮ್ಮನಿದ್ದು ನೋಡಬೇಕು. ಮೊದಲು ಕಸದಂತೆ ಕಂಡುದರಲ್ಲಿ ಒಂದೊಂದೇ ಚೂರು ಕಾಲು ಬಿಚ್ಚಿ ನಡೆಯತೊಡಗುವುದು. ಯಾವ ಯಾವ ಜಾತಿಯ ಹುಳುಗಳಿವೆ ಎಂಬುದನ್ನು ಗುರುತಿಸಿ ಬರೆದರೆ ಆ ನೀರಿನ ಆರೋಗ್ಯ ಇಷ್ಟೆಂದು ಹೇಳಬಹುದು.

ಹಿಟ್ಟಿನ ಜರಡಿ ಹಳ್ಳಕ್ಕೆ ಹೋದುದು ತಿಳಿದಾಗ ಅಜ್ಜಿಯು ಸಿಟ್ಟಾದಳು. “ಹುಳುವಿರುವ ನೀರು ಒಳ್ಳೆಯದೆಂದು ಯಾವ ಪುಸ್ತಕದಲ್ಲಿ ಬರೆದಿದೆ?” ಎಂದು ಕೇಳಿದಳು. ಹುಳುವಿರುವ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದು ಬಾಳಿದ ಹೆಂಗಸಿನ ಮಾತು ಅದು. ಅದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ನೀರಿನ ದೋಷಗಳನ್ನು ವಿವರಿಸುವಾಗ, ಕೀಟಗಳ ಮಲಮೂತ್ರಾದಿಗಳಿಂದ ಕೆಟ್ಟ ನೀರನ್ನು ವರ್ಜ್ಯವೆಂದೇ ಹೇಳಿದೆ. ಆದರೆ ಅಲ್ಲಿ ಪ್ರಶ್ನೆ ಕುಡಿಯುವ ಪಾತ್ರೆಯ ನೀರಿನದು. ಹಳ್ಳದ ನೀರಿನ ಪ್ರಶ್ನೆ ಬೇರೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲವೆಂಬ ಅಧ್ಯಾಯದಲ್ಲಿ, ಯಾವ ಮರದ ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ದೊರೆಯುವುದೆಂಬುದನ್ನು ಸಾಲುಸಾಲಾಗಿ ಹೇಳಿದ್ದಾನೆ. ಹುತ್ತವನ್ನು ಯಾರೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಅದು ಗುರುತು ಮಾತ್ರ. ಹಳ್ಳದ ಹುಳುವೂ ಹಾಗೆಯೇ.

ಈ ಗುರುತು ಹೇಗೆ ನಿಜವಾಗುವುದೆಂಬುದಕ್ಕೆ ಕಾರಣ ಹುಳುವಿನ ಉಸಿರಿನಲ್ಲಿದೆ. ಇಂಗ್ಲಿಷಿನಲ್ಲಿ ಮೇಫ್ಲೈ ಎಂದು ಕರೆಯುವ ಕೀಟವನ್ನು ತೆಗೆದುಕೊಳ್ಳೋಣ. ರೆಕ್ಕೆ ಬಂದ ಮೇಲೆ ಇದು ಬದುಕುವುದು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಆ ಕಾಲದಲ್ಲಿ ಇದು ಏನನ್ನೂ ತಿನ್ನುವುದಿಲ್ಲ. ಗ್ರೀಸಿನ ಅರಿಸ್ಟಾಟಲನು ಈ ಅಲ್ಪಾಯುಷ್ಯವನ್ನು ಕಂಡು ಬರೆದಿಟ್ಟಿದ್ದಾನೆ. ಆದರೆ ಅದಕ್ಕೆ ಮುಂಚೆ ಮರಿಯಾಗಿ ಅದು ವಾರಗಟ್ಟಲೆ, ತಂಪು ನೀರಿನಲ್ಲಿ ತಿಂಗಳುಗಟ್ಟಲೆ, ಕಲ್ಲಿನ ಅಡಿಯಲ್ಲಿ ಜೀವಿಸುವುದು. ಆಗ ಹೊಟ್ಟೆಯ ಎರಡು ಪಕ್ಕಗಳಲ್ಲಿ ಸಾಲಾಗಿರುವ ಎಲೆಯಂತಹ ಕಿವಿರುಗಳಿಂದ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಕೊಳ್ಳುವುದು. ಊರಿನ ಚರಂಡಿ ಹಳ್ಳಕ್ಕೆ ಸೇರಿದರೆ, ಆ ಕೊಳೆಯನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳೇ ನೀರಿನ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಮೇಫ್ಲೈ ಮರಿಗಳಲ್ಲಿ ನವುರಾದ ಜಾತಿಗಳು ಸಾಯುತ್ತವೆ. ಅಲ್ಲಿಯೇ ಕೆಸರಿನಲ್ಲಿ ಕೈರೋನೊಮಸ್ ಎಂಬ ಸೊಳ್ಳೆಯಂತಹ ನೊಣದ ಕೆಂಪು ಮರಿಗಳು ಹೇರಳವಾಗುತ್ತವೆ. ಅವುಗಳ ಮೈಯ ಕೆಂಪು, ಮನುಷ್ಯರ ರಕ್ತದಲ್ಲಿರುವಂತೆ, ಹಿಮೋಗ್ಲೋಬಿನ್ನಿನಿಂದ ಬಂದುದು. ಅಲ್ಪಸ್ವಲ್ಪ ಉಳಿದ ಆಮ್ಲಜನಕವನ್ನೂ ಹಿಡಿದುಕೊಂಡು ಅವು ಬದುಕಬಲ್ಲವು.

ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳುಹಿಸಿದ ನೀರು, ಸೀಸೆಯನ್ನು ಅದ್ದಿದ ಕ್ಷಣದ ಸಮಾಚಾರವನ್ನು ಮಾತ್ರ ಹೇಳುವುದು. ನಿನ್ನೆ ರಾತ್ರಿ ಯಾರಾದರೂ ಏನನ್ನಾದರೂ ಸುರಿದು, ಬೆಳಗಾಗುವುದರೊಳಗೆ ಅದು ಹರಿದುಹೋಗಿದ್ದರೆ ಸೀಸೆಗೆ ತಿಳಿಯದು. ಹುಳುವಾದರೋ ಅಲ್ಲಿಯೇ ವಾಸವಾಗಿದ್ದುದು. ಕಳೆದ ವಾರಗಳ ಹಗಲು ರಾತ್ರಿಗಳನ್ನೆಲ್ಲ ಅನುಭವಿಸಿದುದು. ಈ ತತ್ತ್ವವನ್ನು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿದ್ವಾಂಸರು 1908 ಮತ್ತು 1909ರಲ್ಲಿ, ಕೊಳೆಯ ಮಟ್ಟಕ್ಕೆ ತಕ್ಕಂತೆ ಕ್ರಮವಾಗಿ ಸಸ್ಯಗಳನ್ನೂ ಪ್ರಾಣಿಗಳನ್ನೂ ಪಟ್ಟಿ ಮಾಡಿ ಪ್ರಕಟಿಸಿದರು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಹುಳುಗಳ ಕುಟುಂಬಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಕ್ರಮ ಬಂದಿತು: ಕಲ್ಲುಗಳ ಸಂದಿನಲ್ಲಿರುವ ಸ್ಟೋನ್‌ಫ್ಲೈ ಮರಿಗೆ 10, ಕೈರೋನೊಮಸ್ಸಿನ ಕುಟುಂಬಕ್ಕೆ 2, ಕೆಸರಿನ ಎರೆಹುಳುಗಳಿಗೆ 1. ಸಿಕ್ಕಿದ ಕುಟುಂಬಗಳ ಅಂಕಗಳನ್ನು ಕೂಡಿಸಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ನೀರಿನ ಯೋಗ್ಯತೆಯ ಸರಾಸರಿ ದೊರೆಯುವುದು. ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಈ ಕ್ರಮವನ್ನು ಇಲ್ಲಿನ ನದಿಗಳಿಗೆ ಹೊಂದಿಸಿಕೊಂಡು ಬಳಸಿದೆ. ಬೆಂಗಳೂರಿನ ಏಟ್ರೀ ಸಂಸ್ಥೆಯು ಸುಬ್ರಮಣಿಯನ್ ಮತ್ತು ಶಿವರಾಮಕೃಷ್ಣನ್ ಎಂಬ ವಿದ್ವಾಂಸರ ಕೈಪಿಡಿಯೊಂದನ್ನು 2007ರಲ್ಲಿ ಪ್ರಕಟಿಸಿದೆ.

ಆದರೆ ಸಾಕ್ಷಿಯನ್ನು ಕೇಳುವುದಕ್ಕೆ ಮುಂಚೆ ಆ ಸಾಕ್ಷಿ ಯಾವುದನ್ನು ಕಂಡಿರಬಲ್ಲುದೆಂದು ವಿಚಾರಿಸಬೇಕು. ಸೊಳ್ಳೆಯ ಮರಿ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿಯಲ್ಲಿ ಉಸಿರಾಡುವುದು. ನೀರಿನ ಜೀರುಂಡೆಯು ಗಾಳಿಯ ಗುಳ್ಳೆಯೊಂದನ್ನು ರೆಕ್ಕೆಯ ಅಡಿಯಲ್ಲಿ ಹೊತ್ತು ಮುಳುಗುವುದು. ಇವು ನೀರಿನಲ್ಲಿದ್ದರೂ ನೀರನ್ನು ಉಸಿರಾಡಿದುವಲ್ಲ. ನೀರಿನಲ್ಲಿ ಆಮ್ಲಜನಕವಿದೆಯೇ ಇಲ್ಲವೇ ಎಂಬ ವ್ಯವಹಾರದಲ್ಲಿ ಇವುಗಳ ಮಾತು ನಡೆಯದು. ಕಿವಿರುಳ್ಳ ಹುಳುವೇ ಅದಕ್ಕೆ ಸಾಕ್ಷಿ.

ಇನ್ನೊಂದು ಎಚ್ಚರಿಕೆಯೂ ಇದೆ. ಹುಡುಗಿಯು ಚಿತ್ರಪಟದಲ್ಲಿ ಹತ್ತು ಅಂಕದ ಸ್ಟೋನ್‌ಫ್ಲೈಯನ್ನು ನೋಡಿಕೊಂಡು ಕೋಡಿಯ ಹಳ್ಳದಲ್ಲಿ ಎರಡು ವಾರ ಹುಡುಕಿದಳು. ಒಂದೂ ಸಿಕ್ಕದೆ, “ಈ ನೀರು ಕೆಟ್ಟದ್ದು” ಎಂದು ಅಳುವ ದನಿಯಲ್ಲಿ ಹೇಳಿದಳು. ಅಜ್ಜನು, “ಈ ತಾವಿನಲ್ಲಿ ಹುಲಿಯೂ ಇಲ್ಲ. ಹಾಗೆಂದು ಇದು ಊರಲ್ಲವೇ?” ಎಂದನು. ಓದಿಲ್ಲದ ಮುದುಕನ ಮಾತಿನಲ್ಲಿ ಶಾಸ್ತ್ರಾರ್ಥವಿತ್ತು. ಮೀಮಾಂಸಕರು ಒಂದು ವಸ್ತು ಕಾಣದಿರುವುದರಿಂದಲೇ ಅದರ ಅಭಾವವನ್ನು ನಿರ್ಣಯಿಸಬಹುದೆಂದು ಒಪ್ಪುತ್ತಾರೆ. ಆದರೆ ಅದು ಅಲ್ಲಿದ್ದರೆ ಕಾಣುವ ಯೋಗ್ಯತೆಯುಳ್ಳದ್ದಾಗಿರಬೇಕೆಂಬ ನಿಬಂಧನೆಯನ್ನು ಸೇರಿಸುತ್ತಾರೆ. ಹಾಗೆಯೇ ಒಂದು ಹುಳುವಿನ ಅಭಾವದಿಂದ ನೀರಿನ ದೋಷವನ್ನು ಊಹಿಸಬೇಕಾದರೆ, ನೀರು ನಿರ್ದುಷ್ಟವಾಗಿದ್ದ ಪಕ್ಷದಲ್ಲಿ ಆ ಹುಳು ಅಲ್ಲಿರತಕ್ಕದ್ದೆಂಬುದು ಮೊದಲು ಸಿದ್ಧವಾಗಬೇಕು. ಸ್ಟೋನ್‌ಫ್ಲೈ ಬೇಡುವುದು ಬಂಡೆಗಳ ಮೇಲೆ ಚಿಮ್ಮಿ ಹರಿಯುವ ತಂಪು ನೀರನ್ನು. ಪಶ್ಚಿಮ ಘಟ್ಟದ ತೊರೆಗಳಲ್ಲಿ ಅದು ಉಂಟು. ಹತ್ತು ಡಿಗ್ರಿ ಸೆಲ್ಸಿಯಸ್ಸಿನ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ, ಮೂವತ್ತು ಡಿಗ್ರಿಯ ನೀರು ಸುಮಾರು ಏಳೂವರೆಯನ್ನು ಮಾತ್ರ. ಬಯಲುಸೀಮೆಯ ಬೆಚ್ಚನೆಯ ಹಳ್ಳದಲ್ಲಿ ಆ ಹುಳು ಇಲ್ಲದಿರುವುದು ಸೀಮೆಯ ಸ್ವಭಾವ, ನೀರಿನ ಅಪರಾಧವಲ್ಲ. ಹುಳುವಿದ್ದ ಮಾತ್ರಕ್ಕೆ ಹಿಗ್ಗುವುದಕ್ಕೂ ಇಲ್ಲ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಕೀಟದ ಒಂದು ಕುಟುಂಬಕ್ಕೆ ಬ್ರಿಟನ್ನಿನ ಪಟ್ಟಿಯಲ್ಲಿ 8 ಅಂಕವಿದೆ; ಭಾರತದಲ್ಲಿ ಅದೇ ಕುಟುಂಬದ ಒಂದು ಕಿತ್ತಳೆ ಬಣ್ಣದ ಜಾತಿ ಚರಂಡಿಯ ನೀರಿನ ಬಳಿಯಲ್ಲಿಯೇ ಹೇರಳವಾಗಿ ಹಾರಾಡುವುದು. ಆದುದರಿಂದ ಪರದೇಶದ ಪಟ್ಟಿಗಿಂತ, ಒಂದೇ ಹಳ್ಳದ ಎರಡು ತಾಣಗಳನ್ನು ಹೋಲಿಸುವುದು ಹೆಚ್ಚು ನಂಬತಕ್ಕದ್ದು.

ಆ ಕಾಲಕ್ಕೆ ಕೋಲಾರ ಜಿಲ್ಲೆಯಲ್ಲಿ ನೀರಿನ ಮೇಲೆ ಸಂಶಯವು ಮನೆಮನೆಯಲ್ಲಿಯೂ ಇತ್ತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಬತ್ತಿದ ಕೆರೆಗಳಿಗೆ ತುಂಬಿಸುವ ಯೋಜನೆಯ ನೀರು 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ದಿನಕ್ಕೆ 440 ದಶಲಕ್ಷ ಲೀಟರು, 126 ಕೆರೆಗಳು ಎಂಬುದು ಮೊದಲಿನ ಲೆಕ್ಕ. ಕುಡಿಯುವುದಕ್ಕಲ್ಲ, ಅಂತರ್ಜಲವನ್ನು ಏರಿಸುವುದಕ್ಕೆ ಎಂದು ಸರ್ಕಾರವು ಹೇಳಿತು. ಮರುತಿಂಗಳೇ ನೊರೆ ಕಂಡುಬಂದು, ವಿಷಯವು ಉಚ್ಚ ನ್ಯಾಯಾಲಯಕ್ಕೆ ಹೋಗಿ, ನೀರು ಕೆಲವು ಕಾಲ ನಿಂತು, ಮತ್ತೆ ಹರಿಯಿತು. ಬತ್ತಿದ ಬಾವಿಯಲ್ಲಿ ನೀರು ಕಂಡ ರೈತನ ಸಂತೋಷವೂ ನಿಜ. ಆ ನೀರಿನಲ್ಲಿ ಏನಿದೆಯೋ ಎಂಬ ಅಂಜಿಕೆಯೂ ನಿಜ. ನಮ್ಮ ಕಥೆಯ ಹಳ್ಳಿಯ ಕೆರೆಗೆ ಆ ನೀರು ಬಂದಿರಲಿಲ್ಲ. ಅಲ್ಲಿದ್ದುದು ಮಳೆಯ ನೀರು. ಆದರೂ ಊರಿನ ದನವೊಂದಕ್ಕೆ ಕಾಯಿಲೆಯಾದರೆ, “ಪಟ್ಟಣದ ನೀರು ಎಲ್ಲಿಂದಲೋ ಸೇರಿರಬೇಕು” ಎಂದು ಜನರು ಆಡಿಕೊಳ್ಳುತ್ತಿದ್ದರು. ಮುದುಕನೂ ಹಾಗೆಯೇ ನಂಬಿದ್ದನು.

ಸಂಕ್ರಾಂತಿ ಕಳೆಯಿತು, ಮಾವು ಹೂ ಬಿಟ್ಟಿತು. ಹೂವಿಗೆ ಬೀಳುವ ಜಿಗಿಹುಳುವಿಗಾಗಿ ತೋಪುಗಳಲ್ಲಿ ಔಷಧ ಹೊಡೆಯುವ ಕಾಲ. ಒಂದು ಭಾನುವಾರ ಹುಡುಗಿಯು ತಟ್ಟೆಯನ್ನು ನೋಡಿ ಬೆರಗಾದಳು. ಮೇಫ್ಲೈ ಮರಿಯೊಂದೂ ಇಲ್ಲ. ಬಾಲದಲ್ಲಿ ಮೂರು ಗರಿಗಳುಳ್ಳ ಸಣ್ಣ ಏರೋಪ್ಲೇನ್ ಚಿಟ್ಟೆಯ ಮರಿಗಳು ಎರಡು ಸತ್ತು ಬಿದ್ದಿವೆ. ಎಂತಹ ಕೊಳೆಯಲ್ಲಿಯೂ ಬದುಕುವ ಕೆಂಪು ಮರಿಯೂ ಇಲ್ಲ. ಬಸವನಹುಳುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಕಲ್ಲಿನ ಮೇಲೆ ಹರಿದಾಡುತ್ತಿವೆ. ಅಜ್ಜನು ಪಟ್ಟಣದ ನೀರನ್ನು ಶಪಿಸಿದನು.

ಹುಡುಗಿಯು ಶಪಿಸಲಿಲ್ಲ. ಹಳ್ಳದ ಗುಂಟ ಮೇಲಕ್ಕೆ ನಡೆದು ಸ್ಥಳಸ್ಥಳದಲ್ಲಿ ಜರಡಿ ಹಿಡಿದು ನೋಡುತ್ತ ಬಂದಳು. ತೋಪಿನ ಮೂಲೆಯ ಹತ್ತಿರ ದನಗಳು ಇಳಿಯುವ ಚಪ್ಪಟೆ ಬಂಡೆಯೊಂದಿದೆ. ಆ ಬಂಡೆಯ ಕೆಳಗೆ ಎಲ್ಲಿ ನೋಡಿದರೂ ತಟ್ಟೆ ಬರಿದು. ಬಂಡೆಯಿಂದ ಇಪ್ಪತ್ತು ಮಾರು ಮೇಲೆ ತಟ್ಟೆಯ ತುಂಬ ಮರಿಗಳು. ಒಂದೇ ಹಳ್ಳ, ಒಂದೇ ಮಳೆ, ಒಂದೇ ಬಿಸಿಲು, ಒಂದೇ ಬಗೆಯ ಕಲ್ಲು. ನಡುವೆ ಇದ್ದುದು ಆ ಬಂಡೆಯೊಂದೇ. ಯಾವುದಿದ್ದರೆ ಕಾರ್ಯವುಂಟಾಗುವುದೋ, ಯಾವುದಿಲ್ಲದಿದ್ದರೆ ಆಗದೋ ಅದೇ ಕಾರಣವೆಂಬ ಅನ್ವಯ ವ್ಯತಿರೇಕಗಳನ್ನು ಅವಳು ಓದಿರಲಿಲ್ಲ, ಮಾಡಿ ತೋರಿಸಿದಳು. ಬಂಡೆಯ ಮೇಲೆ ಹಾಲಿನಂತಹ ಬಿಳಿಯ ಕಲೆಗಳಿದ್ದುವು. ಅಲ್ಲಿ ಔಷಧದ ಪಂಪನ್ನು ತೊಳೆಯುತ್ತಿದ್ದವನು ಅವಳ ತಂದೆಯೇ.

ಬಸವನಹುಳು ಉಳಿದುದರ ಅರ್ಥವನ್ನು ಉಪಾಧ್ಯಾಯರು ಮರುದಿನ ವಿವರಿಸಿದರು. ಕೊಳಚೆಯಿಂದ ಆಮ್ಲಜನಕ ಕುಂದಿದ್ದರೆ ಕೆಂಪು ಮರಿಗಳು ಹೆಚ್ಚಬೇಕಾಗಿದ್ದಿತು. ಕೀಟಗಳೆಲ್ಲ ಅಳಿದು ಬಸವನಹುಳುಗಳು ಉಳಿದಿದ್ದರೆ, ಕೀಟವನ್ನೇ ಕೊಲ್ಲುವ ವಿಷವು ಬಂದಿರುವುದೆಂದು ಸಂಶಯಪಡಬೇಕು. ಪೈರೆಥ್ರಾಯ್ಡ್ ವರ್ಗದ ಔಷಧಗಳು ಒಂದು ಲೀಟರಿಗೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೂ ಎಷ್ಟೋ ಜಲಕೀಟಗಳನ್ನು ಕೊಲ್ಲಬಲ್ಲವು. ಮೀನಿಗೂ ಅವು ವಿಷವೇ. ಸೊಳ್ಳೆಯ ಮರಿಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳು ಅಳಿದರೆ, ಬೇಗನೆ ಹುಟ್ಟಿ ಬೆಳೆಯುವ ಸೊಳ್ಳೆಗಳೇ ಮೊದಲು ಹಿಂದಿರುಗುತ್ತವೆ.

ಮನೆಯಲ್ಲಿ ಈ ಮಾತನ್ನು ಎತ್ತುವುದು ಸುಲಭವಾಗಿರಲಿಲ್ಲ. ಮಾವಿನ ಫಸಲೇ ಆ ಸಂಸಾರದ ವರ್ಷದ ಅನ್ನ. ತಂದೆಯು ಮೊದಲು ನಕ್ಕನು: “ಹುಳು ಕೊಲ್ಲುವುದಕ್ಕೆಂದೇ ದುಡ್ಡು ಕೊಟ್ಟು ತಂದ ಔಷಧ. ಹಳ್ಳದ ಹುಳು ಸತ್ತರೆ ಯಾರ ಗಂಟು ಹೋಯಿತು?” ಅನಂತರ ಕೋಪಿಸಿಕೊಂಡನು. ಊರಿನವರೆಲ್ಲರೂ ಹೀಗೆಯೇ ತೊಳೆಯುವರು. ತನ್ನ ಮಗಳೇ ತನ್ನನ್ನು ಅಪರಾಧಿಯೆನ್ನುವಳೇ ಎಂದನು. ಎರಡು ದಿನ ಮನೆಯಲ್ಲಿ ಮಾತು ಬಿಗಿಯಾಯಿತು. ಮೂರನೆಯ ದಿನ ಮುದುಕನು ಊರುಗೋಲು ಹಿಡಿದು ತಾನೇ ಹಳ್ಳಕ್ಕೆ ಇಳಿದು, ಬಂಡೆಯ ಮೇಲೊಂದು ಕೆಳಗೊಂದು ಎರಡು ತಟ್ಟೆಗಳನ್ನು ಮೊಮ್ಮಗಳ ಕೈಯಿಂದ ತುಂಬಿಸಿ ತಂದು ಜಗಲಿಯ ಮೇಲಿಟ್ಟನು. ಒಂದರಲ್ಲಿ ಮರಿಗಳು ಓಡಾಡುತ್ತಿದ್ದುವು. ಮತ್ತೊಂದರಲ್ಲಿ ನೀರು ಮಾತ್ರ. ಮಗನನ್ನು ಕರೆದು, “ನಾನು ಇಷ್ಟು ದಿನ ಪಟ್ಟಣದವರನ್ನು ಬೈದೆ. ನೀರು ಕಾಯುವ ಮನೆಯಲ್ಲಿಯೇ ಹೀಗಾಯಿತು. ಆ ಬಂಡೆಯ ಕೆಳಗೆ ನಮ್ಮ ದನವೂ ಕುಡಿಯುವುದು” ಎಂದಷ್ಟೇ ಹೇಳಿದನು.

ಮಗನು ಉತ್ತರ ಹೇಳಲಿಲ್ಲ. ಆದರೆ ಮುಂದಿನ ಸಲ ಪಂಪನ್ನು ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ, ತೋಪಿನೊಳಗೆ ಔಷಧ ಹೊಡೆದ ಮರಗಳ ಮೇಲೆಯೇ ಸಿಂಪಡಿಸಿ ಮುಗಿಸಿದನು. ನೆರೆಯ ತೋಪಿನ ಇಬ್ಬರಿಗೂ ಹೇಳಿದನೆಂದು ತಿಳಿಯಿತು. ಹಳ್ಳವು ಇನ್ನೂ ಹರಿಯುತ್ತಿದ್ದುದರಿಂದ, ಬಂಡೆಯ ಮೇಲಿನ ತಾಣದಿಂದ ಮರಿಗಳು ಪ್ರವಾಹದಲ್ಲಿ ತೇಲಿಬಂದು ಕೆಲವು ವಾರಗಳಲ್ಲಿಯೇ ಕೆಳಗಿನ ಕಲ್ಲುಗಳಲ್ಲಿ ಮತ್ತೆ ಕಾಣಿಸಿಕೊಂಡುವು. ಮೇಲೆ ಉಳಿದಿದ್ದರಿಂದ ಕೆಳಗೆ ಬಂದುವು. ಹಳ್ಳದ ಉದ್ದಕ್ಕೂ ಅಳಿದಿದ್ದರೆ ಅಷ್ಟು ಬೇಗ ಬರುತ್ತಿರಲಿಲ್ಲ.

ಇದರಿಂದ ಪಟ್ಟಣದ ನೀರು ನಿರ್ದೋಷಿಯೆಂದು ತೀರ್ಮಾನವಾಗಲಿಲ್ಲ. ಅದರ ವಿಚಾರಣೆ ಆ ನೀರು ಬಂದ ಕೆರೆಗಳಲ್ಲಿ ನಡೆಯಬೇಕು. ಹುಳುವಿನ ಸಾಕ್ಷಿಗೆ ತನ್ನದೇ ಆದ ಮಿತಿಯೂ ಇದೆ. ಕೋಲಾರದ ಆಳವಾದ ಕೊಳವೆ ಬಾವಿಗಳಲ್ಲಿ ಬಹುಕಾಲದಿಂದ ಕಾಣುತ್ತಿರುವ ಫ್ಲೋರೈಡಿನ ದೋಷವನ್ನು ಹಳ್ಳದ ಹುಳು ಹೇಳಲಾರದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಕೂಡದೆಂಬ ನಿಯಮವಿದೆ. ಅದನ್ನು ಅಳೆಯುವುದಕ್ಕೆ ಪ್ರಯೋಗಶಾಲೆಯೇ ಬೇಕು. ಕಾಮಾಲೆ, ವಾಂತಿಭೇದಿಗಳ ಬೀಜವಿರುವ ನೀರಿನಲ್ಲಿಯೂ ಮೇಫ್ಲೈ ಸುಖವಾಗಿರಬಹುದು. ಹುಳುವಿದೆಯೆಂದು ಹಳ್ಳದ ನೀರನ್ನು ಕಾಯಿಸದೆ ಕುಡಿಯುವವನು ಮೂಢನು. ಅಜ್ಜಿಯ ಸೋಸುವ ಬಟ್ಟೆಯೂ ಒಲೆಯೂ ಇದ್ದಲ್ಲಿಯೇ ಇರಲಿ.

ಆದರೆ ಸೀಸೆಯು ಪಟ್ಟಣಕ್ಕೆ ಹೋಗಿ ವರದಿ ಬರುವುದಕ್ಕೆ ದಿನಗಳು ಬೇಕು. ಜರಡಿಯೂ ತಟ್ಟೆಯೂ ಪ್ರತಿಯೊಂದು ಮನೆಯಲ್ಲಿವೆ. ಕೆರೆಯ ಕೆಳಗೆ ಶಾಲೆಯುಳ್ಳ ಊರುಗಳಲ್ಲಿ, ಮಳೆಗಾಲದ ಕೊನೆಗೊಮ್ಮೆ, ಹೂವಿನ ಕಾಲಕ್ಕೊಮ್ಮೆ, ಹಳ್ಳ ಬತ್ತುವುದಕ್ಕೆ ಮುಂಚೆ ಒಮ್ಮೆ ಮಕ್ಕಳು ಹೀಗೆ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ನಾಲ್ಕಾರು ವರ್ಷಗಳಲ್ಲಿ ಆ ಹಳ್ಳಕ್ಕೆ ಸಹಜವಾದುದು ಯಾವುದು, ವಿಕಾರವಾದುದು ಯಾವುದೆಂಬ ತಿಳಿವಳಿಕೆ ಊರಿನವರಿಗೇ ಉಂಟಾಗುವುದು. ಅನ್ಯರ ಮೇಲೆ ದೂರು ಹೇಳುವುದಕ್ಕೂ ಆಗ ಆಧಾರವಿರುವುದು. ತಮ್ಮ ತಪ್ಪನ್ನು ತಿದ್ದಿಕೊಳ್ಳುವುದಕ್ಕೂ ದಾರಿಯಿರುವುದು.

ಆ ಮನೆಯ ಹಿಟ್ಟಿನ ಜರಡಿ ಹಿಂದಿರುಗಿ ಅಡಿಗೆಮನೆಗೆ ಬರಲಿಲ್ಲ. ಅಜ್ಜಿಯು ಸಂತೆಯಲ್ಲಿ ಹೊಸದೊಂದನ್ನು ಕೊಂಡಳು. ಹಳೆಯದು ಜಗಲಿಯ ಗೂಟದಲ್ಲಿ ನೇತಾಡುತ್ತಿದೆ, ಭಾನುವಾರ ಮಗಳು ಹಳ್ಳದಿಂದ ಬರುವಾಗ ತಂದೆಯು ಈಗ ತಾನಾಗಿಯೇ ಕೇಳುವನು, “ಬಂಡೆಯ ಕೆಳಗೆ ಏನಾದರೂ ಓಡಾಡುತ್ತಿದೆಯೇ?” ಎಂದು.